ಗುರುತು ಹಾಕಿದ ಕಾಲು

ಬೂಟು ಹೊಲಿಯುವ ಕೆಲಸವನ್ನು ಕೈಯಿಂದ ಮಾಡಿ ಗೊತ್ತಿಲ್ಲದವರು ಅದರ ಕಥೆ ಹೇಳಲು ಹೊರಡುವುದು ಅಧಿಕಪ್ರಸಂಗವೇ. ಅದರಲ್ಲೂ ನ್ಯಾಯ ಯಾರ ಕಡೆಗಿತ್ತು ಎಂದು ಎರಡು ಸಲ ಯೋಚಿಸಿದರೆ ಎರಡು ಉತ್ತರ ಬರುವ ಸಂಗತಿ ಇದು. ಹೇಳದೆ ಇರಲಾಗಲಿಲ್ಲ ಎಂಬುದೊಂದೇ ಸಮಜಾಯಿಷಿ. ತಪ್ಪಿದ್ದಲ್ಲಿ ಓದುವವರು ಮನ್ನಿಸಬೇಕು.

"ಒಂದು! ಭಾವ, ಒಂದೇ ಒಂದು ಕೊಟ್ಟಿದ್ದಾಳೆ!"

ಭಾವಮೈದುನ ಹೀಗೆ ಕೂಗಿದಾಗ ಬೂಟಿನವನ ಬಾಯಿತುಂಬ ಮೊಳೆಗಳಿದ್ದವು. ಒಂದೊಂದನ್ನೇ ತುಟಿಗೆ ತಂದು, ತೆಗೆದು, ತೊಡೆಗಳ ನಡುವೆ ಇಟ್ಟುಕೊಂಡ ಬೂಟಿನ ಹಿಮ್ಮಡಿಗೆ ಹೊಡೆಯುತ್ತಿದ್ದವನು ಎಲ್ಲ ಮುಗಿಯುವವರೆಗೆ ಮಾತಾಡಲಿಲ್ಲ. ಬಾಯಲ್ಲಿ ಮೊಳೆ ಇದ್ದಾಗ ಗಾಬರಿಯಾಗಬಾರದು ಎಂಬುದು ಅವನು ಈ ಕೆಲಸದಲ್ಲಿ ಕಲಿತ ಮೊದಲ ಪಾಠ.

"ಏನಂತೆ?" ಎಂದ ಕೊನೆಗೆ.

ಭಾವಮೈದುನ ಫೋನು ನೋಡಿ ಓದಿದ. "'ಒಂದು ಬೂಟು ಎತ್ತರ, ಒಂದು ತಗ್ಗು. ಹಾಕಿಕೊಂಡರೆ ಮೊದಲಿಗಿಂತ ಜಾಸ್ತಿ ಕುಂಟುತ್ತೇನೆ. ಯಾರೂ ಮೋಸ ಹೋಗಬೇಡಿ.'"

ಮೂಲೆಯಲ್ಲಿ ಅಟ್ಟೆಗೆ ಅಂಟು ಬಳಿಯುತ್ತಿದ್ದ ಬೂಟಿನವನ ಹೆಂಡತಿಗೆ ನಗು ತಡೆಯಲಾಗಲಿಲ್ಲ. "ಒಂದು ಎತ್ತರ ಒಂದು ತಗ್ಗು ಅಂತೆ! ಮೀನು ಕೊಂಡ್ಕೊಂಡು ಹೋಗಿ ಒದ್ದೆಯಾಗಿದೆ ಅಂತ ಜಗಳಕ್ಕೆ ಬಂದ ಹಾಗಾಯ್ತು."

ಅವಳು ನಕ್ಕದ್ದಕ್ಕೆ ಕಾರಣವಿತ್ತು. ಆ ಮನೆಯ ಮುಂದಿನ ಕೋಣೆಯಲ್ಲಿ ತಯಾರಾಗುತ್ತಿದ್ದ ಜೋಡುಗಳಲ್ಲಿ ಯಾವುದೂ ಸಮವಲ್ಲ. ಒಂದು ಕಾಲು ಕುಳ್ಳಗಿರುವವರಿಗೆಂದೇ ಬೂಟಿನವ ಬೂಟು ಮಾಡುತ್ತಿದ್ದ. ಕುಳ್ಳ ಕಾಲಿನ ಬೂಟಿಗೆ ಅಡಿಯಲ್ಲಿ ಕಾರ್ಕಿನ ಪದರಗಳನ್ನು ಒಂದರ ಮೇಲೊಂದು ಅಂಟಿಸಿ, ಉಜ್ಜಿ, ಸುತ್ತ ಚರ್ಮ ಹೊದಿಸಿದರೆ ದೂರದಿಂದ ನೋಡಿದವರಿಗೆ ಮಾಮೂಲಿ ಬೂಟು. ಹಾಕಿಕೊಂಡವರಿಗೆ ಮಾತ್ರ ನೆಲ ಸಮವಾಗುತ್ತಿತ್ತು. ಇಂಥ ಬೂಟು ಬೇಕಾದವರು ಒಂದೇ ಬೀದಿಯಲ್ಲಿ ಸಿಗುವುದಿಲ್ಲವಾದ್ದರಿಂದ ಭಾವಮೈದುನ ಫೋನಿನೊಳಗಿನ ದೊಡ್ಡ ಸಂತೆಯಲ್ಲಿ ಇವರದೊಂದು ಅಂಗಡಿ ತೆರೆದಿದ್ದ. ಕೊಂಡವರು ಎಷ್ಟು ನಕ್ಷತ್ರ ಕೊಟ್ಟರು ಎಂದು ಹಗಲೆಲ್ಲ ನೋಡುತ್ತ ಕೂರುವ ಅವನನ್ನು ಅಕ್ಕ "ಜ್ಯೋತಿಷಿ" ಎಂದೇ ಕರೆಯುತ್ತಿದ್ದಳು.

"ನಗಬೇಡ ಅಕ್ಕ. ಅಂಗಡಿ ಸಂತೆಯವರು ಹಾಕಿದ ನಕ್ಷತ್ರದ ಗೆರೆಯಿಂದ ಕೆಳಗೆ ಬಿತ್ತು. ಇನ್ಮೇಲೆ ಹುಡುಕಿದೋರಿಗೆ ನಾವು ಕಾಣಿಸೋದೇ ಇಲ್ಲ. ಇನ್ನೊಂದು ಹೀಗೇ ಬಂದ್ರೆ ಮುಚ್ಚಿಬಿಡ್ತಾರೆ, ಅಷ್ಟೇ."

ಅವಳ ನಗು ನಿಂತಿತು. "ನಾವೂ ಅವಳಿಗೆ ಒಂದು ಕೊಡೋಣ."

"ಎಲ್ಲಿ ಕೊಡೋಕಾಗತ್ತೆ? ಕೊಂಡೋರು ನಮ್ಮನ್ನ ಏನು ಬೇಕಾದ್ರೂ ಅನ್ನಬಹುದು. ಮಾರೋರಿಗೆ ಇರೋದು ಒಂದೇ ಗುಂಡಿ, 'ಒಳ್ಳೆಯ ಗ್ರಾಹಕರು' ಅಂತ. ಒತ್ತೋ ತನಕ ದಿನಾ ನೆನಪಿಸ್ತಾರೆ."

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ," ಎಂದಳು ಹೆಂಡತಿ. "ಇಲ್ಲಿ ಸೊಸೆ ಕಾಲ ಬರೋದೇ ಇಲ್ಲ ಅನ್ನು."

ಜ್ಯೋತಿಷಿ ಸಂತೆಯವರಿಗೆ ದೂರು ಬರೆದ. ಅವನು ಫೋನು ಕೆಳಗಿಡುವ ಮೊದಲೇ ಯಂತ್ರದ ಉತ್ತರ ಬಂತು. ಗ್ರಾಹಕರ ಅಭಿಪ್ರಾಯವನ್ನು ನಾವು ಗೌರವಿಸುತ್ತೇವೆ, ಆಕ್ಷೇಪವಿದ್ದರೆ ಪುರಾವೆ ಲಗತ್ತಿಸಿ. ಆ ಹೆಂಗಸು ನಕ್ಷತ್ರ ಕೊಡುವ ಮೊದಲು ಬೂಟು ಸರಿಯಿಲ್ಲವೆಂದು ಒಂದು ಸಲ ಬರೆದಿದ್ದಳು, ನಿಜ. 'ಹೊಸ ಬೂಟು ಕಾಲಿಗೆ ಒಗ್ಗಲು ಒಂದು ವಾರ ಬೇಕು' ಎಂಬ ಸಿದ್ಧ ವಾಕ್ಯವನ್ನು ಜ್ಯೋತಿಷಿ ಅವಳಿಗೂ ಕಳಿಸಿದ್ದ. ಎಲ್ಲರಿಗೂ ಕಳಿಸುತ್ತಿದ್ದುದು ಅದನ್ನೇ. ಅವಳು ಒಂದು ವಾರ ಒಗ್ಗಿಸಿಕೊಂಡು, ಆಮೇಲೆ ಕೊಟ್ಟಿದ್ದಳು.

ನಿಯಮದಲ್ಲಿ ಸಿಗದ ನ್ಯಾಯಕ್ಕೆ ಮಾರುವವರು ತಮ್ಮದೇ ಒಂದು ಪಂಚಾಯಿತಿ ಮಾಡಿಕೊಂಡಿದ್ದರು. ಬೂಟು, ಊರುಗೋಲು, ಮಂಡಿಪಟ್ಟಿ ಮಾಡುವವರೆಲ್ಲ ಸೇರಿದ ಫೋನಿನ ಗುಂಪು ಅದು. ಜ್ಯೋತಿಷಿ ಅದರಲ್ಲಿ ಆ ಹೆಂಗಸಿನ ಹೆಸರು, ಬೀದಿ, ಮನೆ ನಂಬರು ಎಲ್ಲವನ್ನೂ ಬಾಯಲ್ಲೇ ಹೇಳಿ ಕಳಿಸಿದ. "ಕೊಂಡು, ಬಳಸಿ, ಬೈಯೋ ಜಾತಿ. ಇವಳ ಆರ್ಡರ್ ಯಾರೂ ತಗೋಬೇಡಿ. ಈ ಕಾಲು ಎಲ್ಲಿ ಹೋಗತ್ತೋ ನೋಡೋಣ."

ಪುರಾವೆ ಕಳಿಸುವ ಕೆಲಸ ಬೂಟಿನವನ ಪಾಲಿಗೆ ಬಂತು. ಮಾರನೆಯ ದಿನ ಭಾವಮೈದುನ ಪಾರ್ಸಲ್ಲುಗಳನ್ನು ಹಾಕಲು ಹೋಗಿದ್ದಾಗ ಅವನು ಕನ್ನಡಕ ಏರಿಸಿಕೊಂಡು ತನ್ನ ಫೋನಿನಲ್ಲಿ ಅವಳು ಕಳಿಸಿದ್ದ ಅಳತೆಯ ಫೋಟೋ ಹುಡುಕಿದ.

ಅಳತೆ ಕಳಿಸಲು ಅವನದೇ ಒಂದು ಪದ್ಧತಿಯಿತ್ತು. ಮೊದಮೊದಲು ಎಡವೋ ಬಲವೋ ಎಂದು ಕೇಳುತ್ತಿದ್ದ. ಜನ "ನನ್ನ ಎಡವೋ, ನೋಡೋರ ಎಡವೋ" ಎಂದು ತಲೆ ತಿನ್ನುತ್ತಿದ್ದರು. ಅದಕ್ಕೇ ಆ ಪ್ರಶ್ನೆಯನ್ನೇ ತೆಗೆದುಹಾಕಿದ. ಕಾಗದದ ಮೇಲೆ ಎರಡೂ ಪಾದ ಊರಿ ಸುತ್ತ ಗೆರೆ ಎಳೆಯಿರಿ, ಕುಳ್ಳಗಿರುವ ಕಾಲಿನ ಮೇಲೆ ಕತ್ತರಿ ಗುರುತು ಹಾಕಿ, ಫೋಟೋ ಕಳಿಸಿ. ಇಷ್ಟೇ. ತಪ್ಪುವುದಕ್ಕೆ ಜಾಗವೇ ಇಲ್ಲವೆಂದು ಅವನಿಗೆ ಇದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಫೋಟೋದಲ್ಲಿ ಕತ್ತರಿ ಗುರುತು ಬಲಪಾದದ ಮೇಲೆ ಇತ್ತು. ಅವನು ಬಲಕ್ಕೇ ಎತ್ತರ ಕೊಟ್ಟಿದ್ದ. ಸಮಾಧಾನವಾಯಿತು. ಗುರುತು ಇನ್ನೂ ಚೆನ್ನಾಗಿ ಕಾಣಲೆಂದು ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದಾಗ ಅದು ಜಾರಿ ಚಿತ್ರದ ಮೂಲೆ ಕಣ್ಣಿಗೆ ಬಿತ್ತು. ಕಾಗದದ ಪಕ್ಕ ನೆಲದ ಮೇಲೆ ಬಟ್ಟೆಸೋಪಿನ ಡಬ್ಬ. ಅದರ ಮೇಲಿನ ಅಕ್ಷರ ಓದಲಾಗಲಿಲ್ಲ. ಯಾವ ದೇಶದ ಸೋಪೋ ಎಂದುಕೊಂಡ. ಆದರೆ ಡಬ್ಬದ ಬಣ್ಣ ದಿನಾ ನೋಡುವಂಥದ್ದೇ. ಬಚ್ಚಲಿಗೆ ಹೋಗಿ ತಮ್ಮ ಮನೆಯ ಡಬ್ಬ ತಂದ. ಗಿರಾಕಿಗಳು ನಿಂತು ನೋಡಿಕೊಳ್ಳಲೆಂದು ಗೋಡೆಗೆ ಒರಗಿಸಿದ್ದ ಕನ್ನಡಿಯ ಮುಂದೆ ಡಬ್ಬ ಹಿಡಿದ. ಕನ್ನಡಿಯೊಳಗೆ ಅಕ್ಷರಗಳು ಹಿಂದುಮುಂದಾಗಿ, ಫೋಟೋದಲ್ಲಿ ಇದ್ದ ಹಾಗೇ ನಿಂತವು.

ಮುಖ ನೋಡಿಕೊಳ್ಳುವ ಕಡೆಯ ಕ್ಯಾಮೆರಾದಲ್ಲಿ ತೆಗೆದ ಚಿತ್ರ. ಎಡ ಬಲವಾಗಿತ್ತು, ಬಲ ಎಡವಾಗಿತ್ತು. ನೆಟ್ಟಗಿದ್ದ ಕಾಲನ್ನು ಅವನು ಇನ್ನಷ್ಟು ಎತ್ತಿದ್ದ. ಕುಳ್ಳ ಕಾಲನ್ನು ನೆಲದಲ್ಲೇ ಬಿಟ್ಟಿದ್ದ.

ಡಬ್ಬ ಹಿಡಿದುಕೊಂಡೇ ನಿಂತಿದ್ದಾಗ ಜ್ಯೋತಿಷಿ ಒಳಗೆ ಬಂದ. "ಭಾವ, ಗುಂಪಿನಲ್ಲಿ ನೋಡಿ! ಆಗಲೇ ಒಬ್ಬ ಅವಳ ಆರ್ಡರ್ ವಾಪಸ್ ಹಾಕಿದ್ದಾನೆ. ಎಲ್ಲರೂ ನಮ್ಮನ್ನ ಹೊಗಳ್ತಿದ್ದಾರೆ." ಹೆಂಡತಿ ಟೀ ತಂದಳು. "ನಿನ್ನೆಯಿಂದ ಬಾಡಿದ್ದ ಇವನ ಮುಖ ಈಗ ಒಂಚೂರು ಮುಖದ ಹಾಗಿದೆ," ಎಂದಳು. ಆಮೇಲೆ ಗಂಡನ ಕಡೆ ತಿರುಗಿ, "ಸೋಪಿನ ಡಬ್ಬ ಯಾಕ್ರೀ ಹಿಡ್ಕೊಂಡಿದ್ದೀರಾ?"

"ಖಾಲಿಯಾಗಿದ್ಯಾ ನೋಡ್ತಿದ್ದೆ," ಎಂದು ಬೂಟಿನವ ಅದನ್ನು ಬಚ್ಚಲಿಗೆ ವಾಪಸ್ ಇಟ್ಟು ಬಂದ. ಪುರಾವೆ ಕಳಿಸುವುದು ಹೇಗೆಂದು ತಿಳಿಯಲಿಲ್ಲ ಎಂದು ಹೇಳಿದ. ಹೇಳಬೇಕಾದ ಇನ್ನೊಂದು ಮಾತನ್ನು ಟೀ ಕುಡಿದ ಮೇಲೆ ಹೇಳೋಣವೆಂದುಕೊಂಡ. ಊಟವಾದ ಮೇಲೆ ಎಂದುಕೊಂಡ. ಹೀಗೇ ಕೆಲವು ವಾರ ಕಳೆದವು.

ಒಂದು ಮಧ್ಯಾಹ್ನ ಆ ಹೆಂಗಸೇ ಬಂದಳು. ಪಾರ್ಸಲ್ಲಿನ ಮೇಲಿನ ವಿಳಾಸ ಹಿಡಿದು, ಎರಡು ಬಸ್ಸು ಬದಲಿಸಿ ಬಂದಿದ್ದಳು. ಎಡಗಾಲಿನ ಹಳೆಯ ಚಪ್ಪಲಿಗೆ ಇನ್ನೊಂದು ಚಪ್ಪಲಿಯ ಅಟ್ಟೆಯನ್ನು ಕತ್ತರಿಸಿ ದಾರದಿಂದ ಕಟ್ಟಿಕೊಂಡಿದ್ದಳು. ಕೈಯ ಚೀಲದಲ್ಲಿ ಅವನ ಬೂಟುಗಳಿದ್ದವು. ಬೂಟಿನವ ಅವಳ ಮುಖ ನೋಡುವ ಮೊದಲು ಆ ದಾರ ನೋಡಿದ.

"ಅಣ್ಣ, ಕೂತ್ಕೋಬಹುದಾ?"

ಕೂತು, ಬಟ್ಟೆ ಅಂಗಡಿಯ ಕೌಂಟರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೇನೆ ಎಂದಳು. ದಿನವಿಡೀ ನಿಂತಿರಬೇಕು, ಸ್ಟೂಲು ಕೊಡುವುದಿಲ್ಲ. ಈ ತಿಂಗಳು ಅವಳನ್ನು ಬರೀ ಪರೀಕ್ಷೆ ಮಾಡುತ್ತಾರೆ, ಶನಿವಾರ ಇಟ್ಟುಕೊಳ್ಳುವುದೋ ಬಿಡುವುದೋ ಹೇಳುತ್ತಾರೆ. "ಸೊಂಟ ಹಿಡ್ಕೊಂಡು ನಿಲ್ತೀನಿ ಅಂತ ಮೇಲಿನೋರು ನೋಡ್ತಿರ್ತಾರೆ. ಬೇರೆ ಕಡೆ ಮೂರು ಸಲ ಬೂಟಿಗೆ ಆರ್ಡರ್ ಹಾಕಿದೆ. ಮೂರೂ ರದ್ದು. ಒಬ್ಬರು ಕೊನೆಗೆ ಹೇಳಿದ್ರು, ಮೊದಲು ಆ ಬೂಟಿನವರ ಹತ್ರ ಸರಿ ಮಾಡ್ಕೊಂಡು ಬಾ ಅಂತ. ನಾನು ಅಂಥದ್ದೇನು ಮಾಡಿದೆ?"

"ಏನು ಮಾಡಿದ್ರಿ?" ಜ್ಯೋತಿಷಿ ಎದ್ದು ನಿಂತ. "ಮೋಸ ಅಂತ ಬರೆದ್ರಿ ಮೇಡಂ. ಒಂದು ಬೆರಳಲ್ಲಿ ಒತ್ತಿದ್ರಿ, ನಮ್ಮ ಅಂಗಡಿಗೆ ಹಾಸಿಗೆ ಹಿಡಿಸಿದ್ರಿ."

"ಬೂಟು ತಪ್ಪಾಗಿತ್ತಲ್ಲಪ್ಪ. ನನ್ನದು ಎಡಗಾಲು. ನೀವು ಬಲಕ್ಕೆ ಎತ್ತರ ಕೊಟ್ಟಿದ್ದೀರಿ."

"ನಾವಾ ಕೊಟ್ಟಿದ್ದು? ಗುರುತು ಹಾಕಿದ್ದು ಯಾರು? ಭಾವ, ಆ ಫೋಟೋ ತೋರಿಸಿ ಇವರಿಗೆ."

ಫೋನು ಬೂಟಿನವನ ಕೈಗೆ ಬಂತು. ಅವನು ಚಿತ್ರ ತೆಗೆದು ಅವಳ ಮುಂದೆ ಹಿಡಿದ. ಅಂಟು ಮೆತ್ತಿದ ಹೆಬ್ಬೆರಳು ತೆರೆಯ ಕೆಳಗೆ ಸೋಪಿನ ಡಬ್ಬವಿದ್ದ ಮೂಲೆಯ ಮೇಲೆ ಕೂತಿತ್ತು.

ಅವಳು ಬಾಗಿ ನೋಡಿದಳು. ತನ್ನ ಎರಡು ಕಾಲನ್ನೂ ನೋಡಿಕೊಂಡಳು. ಮತ್ತೆ ಚಿತ್ರ ನೋಡಿದಳು.

"ಬಲಕ್ಕೆ ಹಾಕಿದ್ದೀನಿ," ಎಂದಳು ಮೆಲ್ಲಗೆ.

"ನಿಮ್ಮ ಕೈಯಾರೆ," ಎಂದ ಜ್ಯೋತಿಷಿ.

"ಹುಟ್ಟಿದಾಗಿಂದ ಈ ಕಾಲು ಎಳ್ಕೊಂಡು ಓಡಾಡಿದ್ದೀನಿ. ಯಾವುದು ಅಂತ ನನಗೇ ಗೊತ್ತಾಗಲಿಲ್ವಾ?" ಅವಳು ನಗಲು ನೋಡಿದಳು. "ಫೋನಿನ ಹಿಂದಿನ ಕ್ಯಾಮೆರಾ ಒಡೆದು ಹೋಗಿತ್ತು, ಮುಂದಿನದ್ರಲ್ಲೇ ತೆಗೆದೆ. ಸರಿಯಾಗಿ ಬಂತೋ ಇಲ್ವೋ ಅಂತ ಅದರ ಚಿಂತೇಲೇ ಇದ್ದೆ."

ಬೂಟಿನವನ ಬಾಯಿ ತೆರೆಯಿತು. ಆಗ ಅದರಲ್ಲಿ ಮೊಳೆ ಇರಲಿಲ್ಲ.

"ಫೋಟೋ ಚೆನ್ನಾಗೇ ಬಂದಿದೆ," ಎಂದ ಜ್ಯೋತಿಷಿ. "ಗೆರೆ, ಗುರುತು ಎಲ್ಲಾ ಸ್ಪಷ್ಟ. ಅಲ್ವಾ ಭಾವ?"

"ಹೂಂ," ಎಂದ ಬೂಟಿನವ. "ಸ್ಪಷ್ಟವಾಗಿದೆ."

ಅವಳು ತಲೆ ತಗ್ಗಿಸಿದಳು. "ತಪ್ಪಾಯ್ತು ಅಣ್ಣ. ಸುಮ್ಮನೆ ನಿಮ್ಮ ಹೊಟ್ಟೆ ಮೇಲೆ ಹೊಡೆದೆ. ನೋವಿನಲ್ಲಿ ಬರೆದುಬಿಟ್ಟೆ."

"ಬಾಯಿ ಮಾತು ಬೇಡ, ಬದಲಾಯಿಸಿ," ಎಂದ ಜ್ಯೋತಿಷಿ. "ನಿಯಮದಲ್ಲಿ ಒಂದು ಸಲ ಬದಲಾಯಿಸೋಕೆ ಬಿಡ್ತಾರೆ."

ಅವಳು ತನ್ನ ಫೋನು ತೆಗೆದು ಅಲ್ಲೇ ಐದು ನಕ್ಷತ್ರ ಒತ್ತಿದಳು. ಏನು ಬರೆಯಲಿ ಎಂದು ಕೇಳಿದಳು. ಜ್ಯೋತಿಷಿ ಹೇಳಿದ್ದನ್ನು ಬಿಟ್ಟು ತಾನೇ ಬರೆದು, ಸರಿಯಾಗಿದೆಯಾ ಎಂದು ಓದಿದಳು. "'ತಪ್ಪು ನನ್ನದೇ. ತಪ್ಪು ಕಾಲಿಗೆ ಗುರುತು ಹಾಕಿದ್ದೆ. ಇವರು ಕಳಿಸಿದ ಅಳತೆಗೆ ಸರಿಯಾಗಿಯೇ ಮಾಡಿದ್ದಾರೆ. ಕ್ಷಮಿಸಿ.'" ಹೆಂಡತಿ ಅವಳಿಗೆ ಕುಡಿಯಲು ನೀರು ತಂದುಕೊಟ್ಟಳು.

"ಈಗ ಇದನ್ನ ಎಡಕ್ಕೆ ಮಾಡಿಕೊಡ್ತೀರಾ?" ಎಂದು ಅವಳು ಚೀಲ ಮುಂದಿಟ್ಟಳು.

"ಹೊಸ ಆರ್ಡರ್ ಹಾಕಿ, ಸಾಲಿನಲ್ಲಿ ಬನ್ನಿ ಮೇಡಂ," ಎಂದ ಜ್ಯೋತಿಷಿ. "ತಪ್ಪು ನಿಮ್ಮದು ಅಂತ ಈಗ ತಾನೇ ಬರೆದ್ರಲ್ಲ. ನಿಮ್ಮ ತಪ್ಪಿಗೆ ನಾವು ಯಾಕೆ ಕಾರ್ಕ್ ಸುರೀಬೇಕು?"

"ಲೋ, ಸಾಕು," ಎಂದಳು ಹೆಂಡತಿ. ಆಮೇಲೆ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು.

"ಬಿಟ್ಟು ಹೋಗಿ," ಎಂದ ಬೂಟಿನವ, ನೆಲ ನೋಡುತ್ತ. "ನಾಳೆ ಬನ್ನಿ. ಮಾಡಿಟ್ಟಿರ್ತೀನಿ."

"ನಾಳೆ ರಜ ಕೊಡಲ್ಲ ಅಣ್ಣ. ಈವತ್ತೇ ಹುಷಾರಿಲ್ಲ ಅಂತ ಸುಳ್ಳು ಹೇಳಿ ಬಂದೆ. ಮನೆಗೆ ಕಳಿಸಿ, ವಿಳಾಸ ನಿಮ್ಮ ಹತ್ರ ಇದೆಯಲ್ಲ." ಬಾಗಿಲಲ್ಲಿ ನಿಂತು ಮತ್ತೊಮ್ಮೆ ಕೈ ಮುಗಿದಳು. ಗೇಟಿನವರೆಗೂ ದಾರ ಕಟ್ಟಿದ ಚಪ್ಪಲಿಯ ಸದ್ದು ಒಂದು ಗಟ್ಟಿ, ಒಂದು ಮೆತ್ತಗೆ ಕೇಳುತ್ತಿತ್ತು.

ಅವಳು ಹೋದ ಕೂಡಲೇ ಬೂಟಿನವ ಕೂತು ಬಲಬೂಟಿನ ಕಾರ್ಕು ಕಿತ್ತ. ಎಡಕ್ಕೆ ಪದರ ಅಂಟಿಸಿದ, ಉಜ್ಜಿದ, ಚರ್ಮ ಹೊದಿಸಿದ. ಅಷ್ಟು ಚೆನ್ನಾಗಿ ಅವನು ಎಂದೂ ಮಾಡಿರಲಿಲ್ಲ. ಕಟ್ಟಿ, ವಿಳಾಸ ಬರೆದು, ಉಳಿದ ಪಾರ್ಸಲ್ಲುಗಳ ಜೊತೆ ಇಟ್ಟ. ಇನ್ನು ಅವಳ ಆರ್ಡರ್ ತಗೊಳ್ಳಬಹುದು ಅಂತ ಗುಂಪಿನಲ್ಲಿ ಒಂದು ಮಾತು ಹೇಳಿಬಿಡೋ ಎಂದು ಭಾವಮೈದುನನಿಗೆ ಹೇಳಿದ. "ಹೇಳ್ತೀನಿ ಭಾವ," ಎಂದ ಅವನು. ಆಮೇಲೆ ಸಂತೆಯ ನೆನಪೋಲೆ ಮತ್ತೆ ಬಂದದ್ದರಿಂದ ಅವಳ ಹೆಸರಿನ ಮುಂದೆ 'ಒಳ್ಳೆಯ ಗ್ರಾಹಕರು' ಗುಂಡಿ ಒತ್ತಿದ.

ಶನಿವಾರ ಕಳೆದ ಮೇಲೆ ಗುಡಿಸುವಾಗ ಹೆಂಡತಿಗೆ ಆ ಪಾರ್ಸಲ್ಲು ಬೆಂಚಿನ ಕೆಳಗೆ ಸಿಕ್ಕಿತು. "ಆರ್ಡರ್ ನಂಬರ್ ಇಲ್ಲದ್ದನ್ನ ಅವರು ತಗೊಳ್ಳಲ್ಲ ಅಕ್ಕ," ಎಂದ ಜ್ಯೋತಿಷಿ. "ಮರೆತೇಹೋಯ್ತು." ಅವಳು ಗಂಡನ ಮುಖ ನೋಡಿದಳು. ಅವನು ಬೀದಿಯ ಹೆಸರು ಬರೆದ ಕಾಗದವನ್ನು ಬಿಚ್ಚಿ ಮಡಿಸಿಟ್ಟ. ಬೂಟುಗಳನ್ನು ಕನ್ನಡಿಯ ಎದುರಿನ ಹಲಗೆಯ ಮೇಲೆ ಇಟ್ಟ. ನಾನೇ ಹೋಗಿ ಕೊಟ್ಟು ಬರುತ್ತೇನೆ ಎಂದ.

ಅಂಗಡಿ ಈಗ ಗೆರೆಯ ಮೇಲಿದೆ. ಅವಳು ಬರೆದದ್ದು ಎಲ್ಲಕ್ಕಿಂತ ಮೇಲೆ ಕಾಣುವ ಹಾಗೆ ಜ್ಯೋತಿಷಿ ಮಾಡಿದ್ದಾನೆ. ಅದನ್ನು ಓದಿ ನಂಬಿಕೆ ಬಂತು ಎಂದು ಗಿರಾಕಿಗಳು ಹೇಳುತ್ತಾರೆ. ಕೆಲಸ ಎಷ್ಟು ಬರುತ್ತಿದೆಯೆಂದರೆ ಬೂಟಿನವನಿಗೆ ಎಲ್ಲಿಗೂ ಹೋಗಲು ಬಿಡುವಾಗಿಲ್ಲ. ಅಳತೆಯ ಪದ್ಧತಿಯೂ ಅದೇ ಇದೆ. ಆದರೆ ಯಾವ ಫೋಟೋ ಬಂದರೂ ಅವನು ಮೊದಲು ಅದರ ಮೂಲೆಗಳನ್ನು ಹಿಗ್ಗಿಸಿ ನೋಡುತ್ತಾನೆ. ಮನೆಗೆ ಬಂದವರು ಹಲಗೆಯ ಮೇಲಿನ ಜೋಡನ್ನು ತೋರಿಸಿ ಇದು ಮಾದರಿಯಾ ಎಂದು ಕೇಳಿದರೆ ಹೆಂಡತಿ ಹೌದು ಎನ್ನುತ್ತಾಳೆ, ಸೆರಗಿನಿಂದ ಧೂಳು ಒರೆಸುತ್ತಾಳೆ. ಎಡದ ಬೂಟು ಎತ್ತರ, ಬಲದ್ದು ತಗ್ಗು. ಎದುರಿನ ಕನ್ನಡಿಯೊಳಗೆ ಅದು ಇನ್ನೂ ತಪ್ಪಾಗಿಯೇ ಇದೆ.

ಆ ಹೆಂಗಸನ್ನು ಶನಿವಾರ ಕೆಲಸದಲ್ಲಿ ಇಟ್ಟುಕೊಂಡರೋ ಬಿಟ್ಟರೋ ತಿಳಿದಿಲ್ಲ. ಫೋಟೋ ಅವಳ ಫೋನಿನಲ್ಲೂ ಇರಬೇಕು. ಅದನ್ನು ಅವಳು ಮತ್ತೆ ಯಾವತ್ತಾದರೂ ತೆಗೆದು, ಸೋಪಿನ ಡಬ್ಬದ ಕಡೆ ನೋಡಿದಳೋ, ಇಲ್ಲ ಯಾವ ಕಾಲು ಎಂದು ಗೊತ್ತಾಗದ ದಡ್ಡಿ ತಾನೆಂದೇ ನಂಬಿಕೊಂಡು ಇದ್ದಾಳೋ, ಅದೂ ಗೊತ್ತಿಲ್ಲ.