ಲೋಟದ ಗೂಡು

"ಲೇ ಮರಿಸ್ವಾಮಿ, ಗ್ವಾಡೆ ಮುಟ್ಬ್ಯಾಡ ಕಣ್ಲಾ! ಕಪಾಟು ಎಷ್ಟೈತೋ ಅಷ್ಟೇ ಮುಟ್ಟು!"

ಅಡುಗೆಮನೆ ಬಾಗಿಲಲ್ಲಿ ನಿಂತು ಜಯಲಕ್ಷ್ಮಮ್ಮ ಕೂಗಿದಳು. ಅರಕೆರೆಯಲ್ಲಿ ಅವಳ ಗಂಡ ಚಲುವರಾಜಗೌಡ ಕಟ್ಟಿಸಿದ ಹೊಸ ಮನೆ. ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವುದೇ ಕಪಾಟಿನ ಪಕ್ಕೆಯ ಬೋಳು ಪ್ಲೈವುಡ್ಡು. ಅದಕ್ಕೆ ತೇಗದ ಬಣ್ಣದ ಮೈಕಾ ಹಾಳೆ ಅಂಟಿಸಿ, ಕೂಸಿನ ಬೆನ್ನು ನೀವುವ ಹಾಗೆ ಎರಡೂ ಅಂಗೈಯಿಂದ ನೀವುತ್ತಿದ್ದ ಬಡಗಿ ಮರಿಸ್ವಾಮಿ.

"ಆಯ್ತು ಅಮ್ಮೋರೆ, ಬಾವ್ಲಿ ತರ ನೇತಾಕ್ಕಂಡು ಮಾಡ್ತೀನಿ ಬುಡಿ" ಎಂದ.

ಕೇರಿಯವನೆಂದು ಅವನಿಗೆ ನೀರು ಕೊಡುತ್ತಿದ್ದುದು ಹಿತ್ತಿಲಲ್ಲಿ, ಮೇಲಿನಿಂದ ಬೊಗಸೆಗೆ ಸುರಿದು. ಅರ್ಧ ನೀರು ಮೊಣಕೈಯಿಂದ ಅಂಗಿಗಿಳಿಯುತ್ತಿತ್ತು. ಆ ಮನೆಯ ಲೋಟಗಳಿಗೆಲ್ಲ ಕಪಾಟಿನಲ್ಲಿ ಗೂಡು ಮಾಡಿಕೊಟ್ಟವನು ಅವನೇ. ಅವನ ತುಟಿಗೆ ಮಾತ್ರ ಒಂದು ಲೋಟವೂ ಸಿಕ್ಕಿರಲಿಲ್ಲ. ಎಷ್ಟೇ ನಗಾಡಿದರೂ ಹೊಟ್ಟೆಯೊಳಗೆ ಅದೊಂದು ಉರಿ ಇದ್ದೇ ಇತ್ತು.

"ಅಂಟು ಒಣಗೋಗಂಟ ನೀರು ಸೋಕಿಸ್ಬ್ಯಾಡಿ ಅಮ್ಮೋರೆ" ಎಂದು ಹೇಳಿಯೇ ಹೋದ.

ಮಾರನೆಯ ಬೆಳಿಗ್ಗೆ ಗೌಡನೇ ಮೋಪೆಡ್ಡು ಹತ್ತಿ ಕೇರಿಗೆ ಬಂದ. "ಥೂ ಬೇವರ್ಸಿ! ಏನ್ ಕೆಲ್ಸ ಮಾಡಿದ್ದೀಯ್ಲಾ? ಹಾಳೆ ಕಿತ್ಕಂಡು ನೇತಾಡ್ತೈತೆ. ನಾಳೆ ಮನೆ ಒಕ್ಲು, ಬೀಗ್ರೆಲ್ಲ ಬತ್ತಾವ್ರೆ!"

ಹೋಗಿ ನೋಡಿದರೆ ಅಡುಗೆಮನೆ ತುಂಬ ಗಂಜಲದ ನಾತ. ಅವನು ಬೆನ್ನು ತಿರುಗಿಸಿದ್ದೇ ತಡ, ಮುಟ್ಟಿದ್ದೆಲ್ಲ ಶುದ್ಧವಾಗಲೆಂದು ಜಯಲಕ್ಷ್ಮಮ್ಮ ಗಂಜಲದ ನೀರನ್ನು ಚೊಂಬುಗಟ್ಟಲೆ ಎರಚಿದ್ದಳು. ಮರಿಸ್ವಾಮಿಗೆ ನಗುವೂ ಬಂತು, ಮೈಯೂ ಉರಿಯಿತು.

"ಅಂಟಿಸ್ತೀನಿ ಗೌಡ್ರೆ. ನೀವು ಇನ್ನೊಂದಪ ಎರಚಿದ್ರೆ ಇನ್ನೊಂದಪ ಕಿತ್ಕತದೆ. ಬೀಗ್ರ ಮುಂದೆ ಮೈಕಾ ಬೇಕಾ, ಗಂಜಲ ಬೇಕಾ, ಯೋಳ್ಬುಡಿ."

"ಎರಚಕ್ಕಿಲ್ಲ, ಅಂಟ್ಸಪ್ಪಾ." ಗೌಡನ ದನಿ ಮೆತ್ತಗಾಗಿತ್ತು.

"ಮೊದ್ಲು ನೀರು ಕೊಡಿ. ಲೋಟದಲ್ಲಿ."

ಗೌಡ ಹೆಂಡತಿಗೆ ಕಣ್ಸನ್ನೆ ಮಾಡಿದ. ಜಯಲಕ್ಷ್ಮಮ್ಮ ಗೂಡಿನಿಂದ ಸ್ಟೀಲು ಲೋಟವೊಂದನ್ನು ತೆಗೆದು ತುಂಬಿ ನೆಲದ ಮೇಲೆ ಕುಕ್ಕಿದಳು. ಮರಿಸ್ವಾಮಿ ಎತ್ತಿಕೊಂಡು, ಕಚ್ಚಿಕೊಂಡೇ, ನಿಧಾನವಾಗಿ ಕುಡಿದ. ನೀರು ತಣ್ಣಗೆ ಹೊಟ್ಟೆಗಿಳಿಯಿತು. ಅಂಗಿ ಒಣಗಿಯೇ ಇತ್ತು.

"ಇತ್ಲಲ್ಲಿ ಮಡಗ್ಲಾ ಅದ್ನ, ತಿಪ್ಪೆಗೆ ಬಿಸಾಕ್ತೀನಿ" ಎಂದಳು.

ಅವನು ಗೂಡಿನ ಬಾಗಿಲು ತೆಗೆದ. ಬೀಗರಿಗೆಂದು ತಂದ ಲೋಟಗಳು ಸಾಲಾಗಿ ಕೂತಿದ್ದವು, ಎಲ್ಲವೂ ಒಂದೇ ಥರ. ತನ್ನದನ್ನು ಅವುಗಳ ನಡುವೆ ಇಟ್ಟು, ಎರಡೂ ಕೈ ಹಾಕಿ ಎಲ್ಲವನ್ನೂ ಗಲಗಲ ಕಲಸಿಬಿಟ್ಟ.

"ಯಾವ್ದು ಅಂತ ನೋಡಿ ಬಿಸಾಕಿ ಅಮ್ಮೋರೆ" ಎಂದು ಅಂಟಿನ ಡಬ್ಬಿಯ ಮುಚ್ಚಳ ತೆಗೆದ.