ದೇವರಿಗೆ ಬಿಟ್ಟ ರೀಡಿಂಗ್

ಆ ಕಣವನ್ನು ಯಾರೂ ಕದಲಿಸಿರಲಿಲ್ಲ. ಗಾಜಿನ ಬಟ್ಟಲಿನ ಎಣ್ಣೆಯಲ್ಲಿ ನಿಂತಿದ್ದ ಆ ತಾಮ್ರದ ಚೂರು ಎರಡು ಹಿತ್ತಾಳೆ ಗುಂಡುಗಳ ನಡುವಿನ ಸಂದಿಯ ಕಡೆಗೆ ತಾನಾಗಿ ಹೊರಟಿತು. ಒಂದು ಗುಂಡನ್ನು ಮುಟ್ಟಿತು, ಬೈಸಿಕೊಂಡಂತೆ ಹಿಂದೆ ಸರಿಯಿತು, ಇನ್ನೊಂದರತ್ತ ಓಡಿತು.

ನಾನಾಗ ಕಾಲೇಜು ಮುಗಿಸಿ, ಟ್ರಾನ್ಸ್‌ಫಾರ್ಮರ್ ರಿಪೇರಿ ಮಾಡುವ ಕಾರ್ಖಾನೆಯೊಂದರಲ್ಲಿ ಎಣ್ಣೆ ಪರೀಕ್ಷೆಗೆ ಸೇರಿದ್ದೆ. ಟ್ರಾನ್ಸ್‌ಫಾರ್ಮರಿಗೆ ತುಂಬುವ ಎಣ್ಣೆ ವಿದ್ಯುತ್ತನ್ನು ತಡೆಯಬೇಕು. ಎಷ್ಟು ತಡೆಯುತ್ತದೆಂದು ನೋಡಲು ಆ ಎರಡು ಗುಂಡುಗಳ ನಡುವೆ ವೋಲ್ಟೇಜನ್ನು ಮೆಲ್ಲಗೆ ಏರಿಸುತ್ತಿದ್ದೆ. ಕಿಡಿ ಹಾರಿದಾಗ ತೋರಿದ ಅಂಕಿಯೇ ರೀಡಿಂಗ್. ಅದಕ್ಕೂ ಮೊದಲು ಗುಳ್ಳೆಗಳು ಅಡಗಲೆಂದು ಐದು ನಿಮಿಷ ಸುಮ್ಮನೆ ಕೂರಬೇಕಿತ್ತು. ಆ ಗದ್ದಲದ ಕಾರ್ಖಾನೆಯಲ್ಲಿ ನನಗೆ ಸೇರಿದ್ದೆಂದರೆ ಆ ಐದು ನಿಮಿಷ ಮಾತ್ರ.

ಆರು ರೀಡಿಂಗ್ ತೆಗೆದು ಐದನ್ನಷ್ಟೇ ಬರೆಯುವುದು ಅಲ್ಲಿನ ಪದ್ಧತಿ. ತಾಮ್ರದ ತಂತಿಯ ಕಾಯಿಲ್ ಸುತ್ತುವವರ ಮೇಸ್ತ್ರಿ ಈರಸಂಗಪ್ಪ ಮೊದಲ ದಿನವೇ ಹೇಳಿಕೊಟ್ಟಿದ್ದರು.

"ಮೊದಲನೇದು ದೇವರಿಗೆ ಬಿಡಬೇಕವ್ವಾ. ಉಳಿದ ಐದು ನಮ್ಮವು."

"ಮೊದಲನೇದು ಯಾವಾಗ್ಲೂ ಕಡಿಮೀನ ಬರ್ತೈತಲ್ರೀ, ಕಾಕಾ?"

"ಅದಕ್ಕ ದೇವರಿಗೆ ಬಿಡೂದು! ಚಲೋ ಬಂದದ್ದು ಯಾರು ಬಿಡ್ತಾರ?"

ಎಲ್ಲರೂ ನಕ್ಕಿದ್ದರು. ನಾನೂ ನಕ್ಕಿದ್ದೆ. ಏಳು ತಿಂಗಳು ಬಿಡುತ್ತಲೇ ಬಂದೆ.

ಆ ದಿನ ಬಂದದ್ದು ಹೆರಿಗೆ ಆಸ್ಪತ್ರೆಯ ಟ್ರಾನ್ಸ್‌ಫಾರ್ಮರಿನ ಎಣ್ಣೆ. ಕೋಣೆಯ ದೀಪ ಆರಿಸಿ, ಬಟ್ಟಲಿನ ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿದೆ. ಒಂದು ಕಣದ ಹಿಂದೆ ಇನ್ನೊಂದು, ಅದರ ಹಿಂದೆ ಹತ್ತು. ಗುಂಡಿನಿಂದ ಗುಂಡಿಗೆ ಎಳೆಯೊಂದು ಕಟ್ಟಿಕೊಂಡಿತು. ಇಪ್ಪತ್ತೊಂದು ಕಿಲೋವೋಲ್ಟಿಗೇ ಕಿಡಿ ಹಾರಿತು, ಎಳೆ ಚದುರಿತು. ಆಮೇಲಿನ ಐದೂ ನಲವತ್ತೈದರ ಮೇಲೆ; ಪಾಸಾಗಲು ಮೂವತ್ತು ಸಾಕಿತ್ತು. ಕಿಡಿಯೇ ಎಣ್ಣೆಯ ದಾರಿಯನ್ನು ಗುಡಿಸಿಕೊಡುತ್ತಿತ್ತು, ಗುಡಿಸಿದ ಮೇಲೆ ನಾವು ಅಳೆಯುತ್ತಿದ್ದೆವು. ಕಂಬದ ಮೇಲೆ ಎರಡನೆಯ ರೀಡಿಂಗ್ ಎಂಬುದಿಲ್ಲ; ಅಲ್ಲಿ ಮೊದಲ ಕಿಡಿಗೇ ಎಲ್ಲ ಸುಡುತ್ತದೆ.

ಸರ್ಟಿಫಿಕೇಟಿನಲ್ಲಿ ಇಪ್ಪತ್ತೊಂದು ಎಂದು ಬರೆದೆ. ಮಾಲೀಕರು ಅದನ್ನು ಹಿಡಿದು ಬಂದರು. ಹಿಂದೆಯೇ ಮೇಸ್ತ್ರಿಯೂ ಬಂದು ಬಾಗಿಲಲ್ಲಿ ನಿಂತರು.

"ಏನವಾ ಇದು?" ಎಂದರು ಮಾಲೀಕರು. "ಲಾರಿ ಬಂದು ನಿಂತೈತಿ. ಐದರ ಸರಾಸರಿ ಬರಿ."

"ಬರಿಯಂಗಿಲ್ರೀ."

"ಎರಡು ದಿನದಿಂದ ಆಸ್ಪತ್ರಿ ಕತ್ತಲಾಗೈತಿ. ಬಾಣಂತ್ಯಾರು ಮೇಣಬತ್ತಿ ಹಚ್ಕೊಂಡು ಕುಂತಾರ."

"ಇನ್ನೊಂದು ದಿನ ಕತ್ತಲಿರ್ಲಿ. ಸುಡೂದು ಬ್ಯಾಡ."

ಅವರು ಹಾಳೆಯನ್ನು ಹರಿದರು. ಇನ್ನೊಂದು ಹಾಳೆ ತೆಗೆದು ಇಪ್ಪತ್ತೊಂದು ಬರೆದೆ. ಅದನ್ನೂ ಹರಿದರು. ಮತ್ತೆ ಬರೆದೆ.

"ನಿನಗಿಂತ ಮೊದಲಿದ್ದವ್ರೆಲ್ಲ ಹುಚ್ಚರೇನು?"

"ಹುಚ್ಚರಲ್ರೀ. ದೀಪ ಆರಿಸಿ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ."

"ನಾಳಿಂದ ಬರಬ್ಯಾಡ."

ಒಂದು ತಿಂಗಳಿನಿಂದ ಬಚ್ಚಿಟ್ಟಿದ್ದ ಮಾತನ್ನು ಆಗ ಆಡಿದೆ. "ಹೋದ ತಿಂಗಳು ಅಕ್ಕಿ ಗಿರಣಿ ಹತ್ರ ಟ್ರಾನ್ಸ್‌ಫಾರ್ಮರ್ ಸಿಡೀತಲ್ರೀ, ಅದಕ್ಕ ಸಹಿ ಹಾಕಿದಾಕಿ ನಾನ. ಸಿಡಿಲು ಬಡೀತಂತ ಎಲ್ಲಾರೂ ಅಂದ್ರಿ, ನಾನೂ ಸುಮ್ಮನಿದ್ದೆ. ಅದರ ಮೊದಲನೇ ರೀಡಿಂಗ್ ಹತ್ತೊಂಬತ್ತಿತ್ತು."

ಅಲ್ಲಿ ಎರಡೂ ಕೈ ಸುಟ್ಟುಕೊಂಡ ಲೈನ್‌ಮನ್ ದ್ಯಾಮಣ್ಣ, ಈರಸಂಗಪ್ಪನವರ ತಂಗಿಯ ಮಗ.

ಮೇಸ್ತ್ರಿ ಬಾಗಿಲು ಬಿಟ್ಟು ಬಟ್ಟಲಿನ ಹತ್ತಿರ ಬಂದರು. "ತೋರ್ಸು," ಎಂದರು.

ಅದೇ ಎಣ್ಣೆಯನ್ನು ಹೊಸದಾಗಿ ತುಂಬಿದೆ. ನಾನು ಪ್ರೀತಿಸುತ್ತಿದ್ದ ಆ ಐದು ನಿಮಿಷ ಅಂದು ಮುಗಿಯಲೇ ಇಲ್ಲ. ವೋಲ್ಟೇಜ್ ಏರಿಸುತ್ತಿದ್ದಂತೆ ಟಾರ್ಚಿನ ಬೆಳಕಿನಲ್ಲಿ ಕಣವೊಂದು ಕದಲಿತು. ಮುಟ್ಟಿತು, ಸರಿಯಿತು, ಓಡಿತು.

"ಇದು ನಮ್ಮ ಅರದ ಪುಡಿ," ಎಂದರು ಮೇಸ್ತ್ರಿ. "ತಂತಿ ತುದಿಗೆ ಅರ ಉಜ್ಜೂದು ಟ್ಯಾಂಕಿನ ಬಾಯಿ ಮ್ಯಾಲ ಕುಂತ. ಪುಡಿ ಎಲ್ಲಾ ಒಳಗ ಬೀಳ್ತೈತಿ. ನೆಲ ಹೊಲಸಾಗಬಾರದಂತ ನಾನ ಹುಡುಗರಿಗೆ ಕಲಿಸೀನಿ."

ಹೊರಗೆ ಹೋಗಿ, ಲಾರಿಗೆ ಏರಿಸಲು ಸಿದ್ಧವಾಗಿದ್ದ ಟ್ರಾನ್ಸ್‌ಫಾರ್ಮರಿಗೆ ಬೋಲ್ಟ್ ಬಿಚ್ಚುವ ಪಾನಾ ಹಾಕಿದರು.

"ಮೇಸ್ತ್ರಿ, ಏನು ಮಾಡಾಕತ್ತಿ?" ಮಾಲೀಕರು ಕೂಗಿದರು.

"ಬಿಚ್ಚಾಕತ್ತೀನ್ರೀ. ತೊಳೀಬೇಕು."

ಮೊದಲ ಬೋಲ್ಟ್ ಕಳಚಿತು. ಎಲ್ಲಿ ಇಡುವುದೆಂದು ಅವರು ಸುತ್ತ ನೋಡಿದರು. ನಾನು ಎರಡೂ ಕೈ ಚಾಚಿದೆ. ನನ್ನ ಮುಖ ನೋಡದೆ ಅಂಗೈಯಲ್ಲಿಟ್ಟರು. ಆಮೇಲೆ ಇನ್ನೊಂದು, ಮತ್ತೊಂದು. ಗೇಟಿನಾಚೆ ಲಾರಿ ಖಾಲಿಯಾಗಿ ಹಿಂತಿರುಗಿತು. ನಾಳೆಯಿಂದ ಬರಬೇಡವೆಂದಿದ್ದರು. ಇವತ್ತು ಇನ್ನೂ ಮುಗಿದಿರಲಿಲ್ಲ. ಬೋಲ್ಟುಗಳ ಭಾರ ಹೆಚ್ಚುತ್ತಿತ್ತು, ಕೈ ಇಳಿಸಲಿಲ್ಲ.