ಅರೆಬೆಂದ ಇಟ್ಟಿಗೆಯ ಸುರ್ಕಿ

ಅರವತ್ತೇಳರಲ್ಲಿ ಶಾಗ್ಯದ ಕೆರೆಗೆ ಹೊಸ ತೂಬು ಕಟ್ಟುವಾಗ ಪರ್ಮಿಟ್ ಮೇಲೆ ಬರುತ್ತಿದ್ದ ಸಿಮೆಂಟು ಸಾಲುತ್ತಿರಲಿಲ್ಲ. ಓವರ್‌ಸಿಯರ್ ನಾಗಯ್ಯನವರು ಸುಣ್ಣಕ್ಕೆ ಸುರ್ಕಿ, ಅಂದರೆ ಇಟ್ಟಿಗೆಯ ಪುಡಿ, ಬೆರೆಸಿ ಗಾರೆ ಅರೆಸುತ್ತಿದ್ದರು. ಸುರ್ಕಿ ಜರಡಿ ಹಿಡಿಯುವವಳು ಮಹಾಲಕ್ಷ್ಮಮ್ಮ. ದಿನವಿಡೀ ದೂಳಿನಲ್ಲಿ ಕೂತು ಅವಳ ಹುಬ್ಬು, ರೆಪ್ಪೆ ಎಲ್ಲ ಕೆಂಪು.

ಮೇಸ್ತ್ರಿ ದೊಡ್ಡಮಾದಯ್ಯ ಕರ್ರಗೆ ಸುಟ್ಟ ಇಟ್ಟಿಗೆಯನ್ನೇ ಆರಿಸಿ ಪುಡಿ ಮಾಡಿಸುತ್ತಿದ್ದ. ಗಟ್ಟಿ ಇಟ್ಟಿಗೆಯಿಂದಲೇ ಗಟ್ಟಿ ಗಾರೆ ಎಂದು ನಂಬಿದ್ದ. ಆದರೆ ನೀರು ಬಿಟ್ಟು ನೋಡಿದ ದಿನ ಗೋಡೆಯ ಸಂದಿಗಳಿಂದ ಗಾರೆ ಕರಗಿ ಇಳಿಯಿತು. ತಿಂಗಳ ಕೆಲಸ ಕೆಡವಬೇಕಾಯಿತು. ಕಟ್ಟಿದವನೇ ಹಾರೆ ಹಿಡಿದ.

ಮಹಾಲಕ್ಷ್ಮಮ್ಮ ಎದ್ದು ನಾಗಯ್ಯನವರ ಹತ್ತಿರ ಬಂದಳು.

"ಸಾ, ಕರ್ರನೆ ಇಟ್ಟಿಗೆ ಬ್ಯಾಡಿ. ಗೂಡಿನ ಅಂಚಲ್ಲಿ ಅರೆಬೆಂದದ್ದು ಬಿಸಾಕ್ತಾರಲ್ಲಾ, ಅದ ತಕ್ಕಳಿ."

"ಉಗುರಲ್ಲಿ ಕೆರೆದ್ರೆ ಉದುರ್ತದಲ್ಲ, ಅದಾ?" ದೊಡ್ಡಮಾದಯ್ಯ ಗೋಡೆಯ ಮೇಲಿಂದ ಕೂಗಿದ. "ಓಗಮ್ಮ, ಜರಡಿ ಇಡಿ."

ಅವಳು ಕದಲಲಿಲ್ಲ. "ನಮ್ಮಟ್ಟಿ ದನದ್ ತೊಟ್ಟಿ ಅದ್ರಲ್ಲೇ ಕಟ್ಟಿವ್ನಿ ಸಾ. ಗೂಡಿನೋರು ಒಳ್ಳೇದು ಕೊಡ್ನಿಲ್ಲ. ಬಿಸಾಕಿದ್ದ ತಂದು ಕುಟ್ಟಿ, ರಾಗಿಹಿಟ್ನಂಗೆ ಜರಡಿ ಇಡ್ದೆ. ಮೂರ್ ಮಳೆಗಾಲ ಆಯ್ತು, ಒಂದ್ ತೊಟ್ಟು ಸೋರಿಲ್ಲ."

ನಾಗಯ್ಯ ಸೈಕಲ್ ಹತ್ತಿ ಹೋಗಿ ನೋಡಿದರು. ತೊಟ್ಟಿಯ ಅಂಚಿಗೆ ಸುತ್ತಿಗೆ ಬಡಿದರೆ ಟಣ್ ಎಂದಿತು. ಮರುದಿನವೇ ಎರಡೂ ಬಗೆಯ ಗಾರೆಯಲ್ಲಿ ಬಿಲ್ಲೆ ಮಾಡಿಸಿದರು. ವಾರ ಕಾಲ ಒದ್ದೆ ಗೋಣಿ ಹೊದಿಸಿಟ್ಟು, ಆಮೇಲೆ ಡ್ರಮ್ಮಿನ ನೀರಿನಲ್ಲಿ ಮುಳುಗಿಸಿದರು. ತಿಂಗಳು ಕಾಯಬೇಕಿತ್ತು.

ಕೂಲಿಯವರು ಅವಳನ್ನು "ಇಂಜಿನಿಯರಮ್ಮ" ಎಂದು ರೇಗಿಸಿದರು. ಅವಳಿಗೂ ಒಳಗೊಳಗೇ ಅಳುಕು. ದನದ ತೊಟ್ಟಿಯೇ ಬೇರೆ, ಕೆರೆ ನೀರಿನ ಭಾರವೇ ಬೇರೆ.

ಬಿಲ್ಲೆ ತೆಗೆಯುವ ದಿನ ದೊಡ್ಡಮಾದಯ್ಯನೇ ಡ್ರಮ್ಮಿಗೆ ಕೈ ಹಾಕಿದ. ಅವನ ಗಾರೆಯದು ಬೆರಳಿನ ಒತ್ತಿಗೇ ಪುಡಿಯಾಯಿತು. ಇನ್ನೊಂದನ್ನು ಕಲ್ಲಿಗೆ ಬಡಿದ. ಒಡೆಯಲಿಲ್ಲ.

"ಜಾಸ್ತಿ ಬೆಂದ ಮಣ್ಣು ಸುಣ್ಣದ ಜೊತೆ ಕೂಡಲ್ಲ ಕಣಯ್ಯ," ಎಂದರು ನಾಗಯ್ಯ. "ಹದವಾಗಿ ಬೆಂದು ನುಣ್ಣಗಿದ್ರೆ ಕೂಡ್ತದೆ."

ದೊಡ್ಡಮಾದಯ್ಯ ಬಿಲ್ಲೆಯನ್ನು ಹೊರಳಿಸಿ ಹೊರಳಿಸಿ ನೋಡಿದ. "ಇಪ್ಪತ್ ವರ್ಸದಿಂದ ಗಾರೆ ಕಲಸ್ತಾ ಇವ್ನಿ, ಗೊತ್ತಿರ್ನಿಲ್ಲ ಕಣವ್ವ. ನಾಳಿಂದ ಇಟ್ಟಿಗೆ ನೀನೇ ಆರ್ಸು."

ಅವಳೇ ಆರಿಸಿದಳು. ಜರಡಿಯ ಕಣ್ಣನ್ನೂ ಸಣ್ಣದು ಮಾಡಿಸಿದಳು. ಮುಂದಿನ ಮಳೆಗೆ ಕೆರೆ ತುಂಬಿತು, ತೂಬಿನ ಹೊರಗೋಡೆ ಒಣಗಿಯೇ ಇತ್ತು.

ಆ ವರ್ಷವೇ ನಾಗಯ್ಯನವರಿಗೆ ಯಳಂದೂರಿನ ಕಡೆ ಕಾಲುವೆ ಕೆಲಸ ಬಂತು. ಇಬ್ಬರಿಗೂ ಹೇಳಿಕಳಿಸಿದರು. ಮಹಾಲಕ್ಷ್ಮಮ್ಮ ತಂಗಿಗೆ ಮನೆ ಒಪ್ಪಿಸಿ ಬಟ್ಟೆಗಂಟು ಹಿಡಿದು ಬಸ್ಸು ಹತ್ತಿದರೆ, ದೊಡ್ಡಮಾದಯ್ಯ ಅವಳಿಗೆಂದು ಕಿಟಕಿ ಪಕ್ಕದ ಸೀಟು ಹಿಡಿದು ಕೂತಿದ್ದ.